ದೈವಾಜ್ಞೆಯ ಪಾಲನೆ ಮತ್ತು ನೀತಿ

ದೇವರು ಆಜ್ಞಾಪಿಸಿದನೆಂಬ ಕಾರಣದಿಂದಲೇ ಒಂದು ಕಾರ್ಯವು ಒಳ್ಳೆಯದಾಗುವುದೋ, ಅಥವಾ ಅದು ಒಳ್ಳೆಯದಾದುದರಿಂದಲೇ ದೇವರು ಅದನ್ನು ಆಜ್ಞಾಪಿಸುವನೋ? ಬಹು ಪ್ರಾಚೀನವಾದ ಈ ಪ್ರಶ್ನೆಯ ಮೂಲರೂಪವು ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋವಿನ 'ಯೂಥಿಫ್ರೊ' ಸಂವಾದದಲ್ಲಿದೆ.

ಕ್ರಿ.ಪೂ. 399ರಲ್ಲಿ ಧರ್ಮದ್ರೋಹದ ಆಪಾದನೆಗೆ ಗುರಿಯಾದ ಸಾಕ್ರಟೀಸನು ಅಥೆನ್ಸಿನ ನ್ಯಾಯಸ್ಥಾನದ ಬಳಿ ಯೂಥಿಫ್ರೊನನ್ನು ಸಂಧಿಸುವಂತೆ ಅದರಲ್ಲಿ ಚಿತ್ರಿತವಾಗಿದೆ. ಯೂಥಿಫ್ರೊ ತನ್ನ ತಂದೆಯ ಮೇಲೆಯೇ ಕೊಲೆಯ ಮೊಕದ್ದಮೆ ಹೂಡಿದ್ದನು. ನಕ್ಸೋಸ್ ದ್ವೀಪದ ಅವರ ಜಮೀನಿನಲ್ಲಿ ಕೂಲಿಯಾಳೊಬ್ಬನು ಕುಡಿದ ಅಮಲಿನಲ್ಲಿ ಮನೆಯ ಗುಲಾಮನನ್ನು ಕೊಂದನು. ತಂದೆಯು ಅವನ ಕೈಕಾಲು ಕಟ್ಟಿ ಹಳ್ಳಕ್ಕೆ ನೂಕಿ, ಮುಂದೇನು ಮಾಡಬೇಕೆಂದು ಧರ್ಮಾಧಿಕಾರಿಯನ್ನು ಕೇಳಲು ಅಥೆನ್ಸಿಗೆ ದೂತನನ್ನು ಕಳುಹಿಸಿದನು. ದೂತನು ಮರಳುವ ಮೊದಲೇ ಹಸಿವು ಚಳಿಗಳಿಂದ ಕೂಲಿಯಾಳು ಸತ್ತನು. ಅಪ್ಪಣೆಗಾಗಿ ಕಾದವನಿಗೆ ಕಣ್ಣೆದುರಿನ ಪ್ರಾಣಸಂಕಟವು ಕಾಣದೆ ಹೋದುದು ವಿಚಾರಾರ್ಹವಾಗಿದೆ.

ಆಜ್ಞೆಯೇ ಒಳ್ಳೆಯದರ ಮೂಲವೆಂದರೆ, ಕ್ರೌರ್ಯವನ್ನು ಆಜ್ಞಾಪಿಸಿದಾಗ ಅದೂ ಧರ್ಮವೆನಿಸಬೇಕಾಗುತ್ತದೆ. 'ದೇವರು ಒಳ್ಳೆಯವನು' ಎಂಬ ಮಾತಿಗೂ 'ಅವನು ತನ್ನ ಇಚ್ಛೆಯಂತೆ ನಡೆಯುತ್ತಾನೆ' ಎಂಬುದಕ್ಕಿಂತ ಹೆಚ್ಚಿನ ಅರ್ಥವುಳಿಯದು. ಒಳ್ಳೆಯದು ಆಜ್ಞೆಗಿಂತ ಮೊದಲೇ ಇದೆಯೆಂದರೆ, ಆಜ್ಞೆಯು ನೀತಿಯನ್ನು ತಿಳಿಸಬಲ್ಲುದೇ ಹೊರತು ಅದನ್ನು ಸೃಷ್ಟಿಸಲಾರದು.

ಬೈಬಲಿನ ಆದಿಕಾಂಡದಲ್ಲಿ ಈ ಸಮಸ್ಯೆಯ ಎರಡು ಮುಖಗಳೂ ಕಾಣುತ್ತವೆ. ಸೊದೋಮ್ ಪಟ್ಟಣದ ನಾಶದ ಸುದ್ದಿಯನ್ನು ಕೇಳಿದ ಅಬ್ರಹಾಮನು, ಸಜ್ಜನರನ್ನು ದುರ್ಜನರೊಡನೆ ನಾಶಪಡಿಸುವುದು ನ್ಯಾಯವೇ ಎಂದು ದೇವರನ್ನೇ ಪ್ರಶ್ನಿಸುತ್ತಾನೆ. ಐವತ್ತು ಮಂದಿ ಸಜ್ಜನರಿದ್ದರೆ ಎಂದು ಆರಂಭಿಸಿ ಹತ್ತರವರೆಗೆ ಇಳಿಸಿ ಬೇಡುತ್ತಾನೆ. ಅದೇ ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಬೇಕೆಂಬ ಆಜ್ಞೆಯಾದಾಗ ಮಾತಿಲ್ಲದೆ ಹೊರಡುತ್ತಾನೆ. ಕಡೆಯ ಗಳಿಗೆಯಲ್ಲಿ ದೇವದೂತನು ತಡೆಯುತ್ತಾನೆ, ಟಗರು ಬಲಿಯಾಗುತ್ತದೆ.

ಡೆನ್ಮಾರ್ಕಿನ ಕೀರ್ಕೆಗಾರ್ಡನು 1843ರ ತನ್ನ ಗ್ರಂಥದಲ್ಲಿ ಇದನ್ನು ಸಾಮಾನ್ಯ ನೀತಿಯನ್ನು ಮೀರಿದ ಶ್ರದ್ಧೆಯೆಂದು ವಿವೇಚಿಸಿದನು. ಜರ್ಮನಿಯ ಕಾಂಟನ ನಿಲುವು ಬೇರೆ. ಮಗನನ್ನು ಕೊಲ್ಲಕೂಡದೆಂಬುದು ನಿಶ್ಚಿತ, ಆದರೆ ಕೇಳಿಬಂದ ವಾಣಿಯು ದೇವರದೆಂಬುದು ನಿಶ್ಚಿತವಲ್ಲ; ಹಾಗೆಂದೇ ಅಬ್ರಹಾಮನು ಉತ್ತರಿಸಬೇಕಿತ್ತೆಂದು ಅವನು 1798ರಲ್ಲಿ ಬರೆದನು. ದೈವಾಜ್ಞೆಯೆಂದು ಒಪ್ಪುವ ಹೊಣೆಯು ಒಪ್ಪುವವನ ಮೇಲೆಯೇ ಇದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಸ್ತಿಕ ಚಿಂತಕರು ಇದಕ್ಕೆ ಸಮಾಧಾನ ಹೇಳದೆ ಇಲ್ಲ. ಅಮೆರಿಕದ ರಾಬರ್ಟ್ ಆಡಮ್ಸ್ ಅವರು 1973ರಲ್ಲಿ, ಪ್ರೇಮಸ್ವರೂಪನಾದ ದೇವರ ಆಜ್ಞೆಗೆ ಮಾತ್ರ ನೈತಿಕ ಬಲವುಂಟೆಂದೂ, ಕ್ರೌರ್ಯಕ್ಕಾಗಿಯೇ ಕ್ರೌರ್ಯವನ್ನು ವಿಧಿಸಿದರೆ ಅದನ್ನು ಮೀರುವುದು ತಪ್ಪಲ್ಲವೆಂದೂ ವಾದಿಸಿದರು. ಆದರೆ ಪ್ರೇಮವು ಶ್ರೇಷ್ಠವೆಂಬ ಅರಿವು ಮನುಷ್ಯನಲ್ಲಿ ಮೊದಲೇ ಇಲ್ಲದಿದ್ದರೆ ಅಂಥ ಆಜ್ಞೆಯನ್ನು ಅವನು ಗುರುತಿಸುವುದಾದರೂ ಹೇಗೆ?

ಬೆತ್ತದ ಭಯದಿಂದ ಸುಳ್ಳಾಡದ ಬಾಲಕನು ವಿಧೇಯನು. ಸುಳ್ಳಿನಿಂದ ಇನ್ನೊಬ್ಬರಿಗೆ ಕೇಡಾಗುವುದೆಂದು ಅರಿತು ಸತ್ಯವನ್ನಾಡುವವನು ನೀತಿವಂತನು. ಬೆತ್ತವಿಲ್ಲದ ಕಡೆಯಲ್ಲಿ ಇಬ್ಬರ ಅಂತರವು ತಿಳಿದುಬರುತ್ತದೆ. ಹಿರಿಯರಲ್ಲಿ ವಿಶ್ವಾಸವಿಟ್ಟು ಅವರ ಮಾತಿನಂತೆ ನಡೆಯುವುದು ನೀತಿಗೆ ಮೊದಲ ಮೆಟ್ಟಿಲಾಗಬಹುದು. ಆಜ್ಞೆಯ ಅರ್ಥವನ್ನು ವಿವೇಚಿಸಿ, ಅದರ ಫಲಕ್ಕೆ ತಾನೇ ಹೊಣೆಯೆಂದು ಒಪ್ಪಿ ನಡೆದಾಗ ಮಾತ್ರ ದೈವಾಜ್ಞೆಯ ಪಾಲನೆಯೂ ನೀತಿಯೆನಿಸುತ್ತದೆ. ಆ ವಿವೇಚನೆಯನ್ನು ಎಳೆಯರಲ್ಲಿ ಬೆಳೆಸುವುದು ಶಿಕ್ಷಣದ ಕರ್ತವ್ಯವಾಗಿದೆ.