ಮತ್ತೆ ಬಲಕ್ಕೆ ತಿರುಗಿದರೆ ಯಾವ ದಿಕ್ಕು?

‘ಒಬ್ಬಳು ಉತ್ತರಕ್ಕೆ 300 ಮೀಟರ್ ನಡೆದಳು. ಬಲಕ್ಕೆ ತಿರುಗಿ 400 ಮೀಟರ್, ಮತ್ತೆ ಬಲಕ್ಕೆ ತಿರುಗಿ 600 ಮೀಟರ್ ನಡೆದಳು. ಈಗ ಅವಳು ಹೊರಟ ಜಾಗದಿಂದ ಎಷ್ಟು ದೂರ, ಯಾವ ದಿಕ್ಕಿನಲ್ಲಿದ್ದಾಳೆ?’

ಮಗಳು ಇಂಥ ಲೆಕ್ಕ ಹಿಡಿದು ಅಡುಗೆಮನೆಗೆ ಬಂದರೆ ‘ನಾಳೆ ಟೀಚರನ್ನು ಕೇಳು’ ಎಂದು ಕಳಿಸಿಬಿಡಬೇಡಿ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಬಡ ಮಕ್ಕಳಿಗಾಗಿ ಇರುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಬುದ್ಧಿಶಕ್ತಿಯ ಪತ್ರಿಕೆಯೇ ಬೇರೆ ಇದೆ. ಅದಕ್ಕೆ ತಯಾರಾಗುವವರು ದಿಕ್ಕಿನ ಲೆಕ್ಕ ಕಲಿಯದೆ ಇರುವಂತಿಲ್ಲ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. 2017ಕ್ಕೆ ಮುಂಚೆ ಅದು 6,000 ಇತ್ತು. ಎಷ್ಟೋ ಮನೆಗಳಲ್ಲಿ ಹುಡುಗಿಯ ಓದು ನಿಲ್ಲುವುದೂ ಮುಂದುವರಿಯುವುದೂ ಇಷ್ಟೇ ಹಣದ ಮೇಲೆ.

ಮಕ್ಕಳು ಎಡವುವುದು ಎರಡನೆಯ ‘ಬಲ’ದಲ್ಲಿ. ಹಾಳೆಯ ಬಲಭಾಗವನ್ನೇ ಬಲವೆಂದು ತಿಳಿದು ಮತ್ತೆ ಪೂರ್ವಕ್ಕೇ ಗೆರೆ ಎಳೆಯುತ್ತಾರೆ. ಬೇಕಾಗಿರುವುದು ನಡೆಯುವವಳ ಬಲ. ಪೂರ್ವಕ್ಕೆ ಮುಖ ಮಾಡಿದವಳ ಬಲಕ್ಕೆ ದಕ್ಷಿಣವಿದೆ. ಗೊಂದಲವಾದರೆ ಪುಸ್ತಕವನ್ನೇ ತಿರುಗಿಸಲು ಹೇಳಿ. ನಡಿಗೆಯ ಗೆರೆ ಮೇಲ್ಮುಖವಾಗಿರಲಿ. ಇನ್ನೂ ಒಳ್ಳೆಯದೆಂದರೆ ಮಹಡಿಯ ಮೇಲೆ ನಡೆಸಿ ನೋಡುವುದು: ಮೂರು ಹೆಜ್ಜೆ, ನಾಲ್ಕು ಹೆಜ್ಜೆ, ಆರು ಹೆಜ್ಜೆ.

ಈಗ ಲೆಕ್ಕ ಸುಲಭ. ಉತ್ತರಕ್ಕೆ 300, ದಕ್ಷಿಣಕ್ಕೆ 600. ಅಂದರೆ ದಕ್ಷಿಣಕ್ಕೆ 300 ಉಳಿಯಿತು. ಪೂರ್ವಕ್ಕೆ 400. ಇವೆರಡೂ ಲಂಬಕೋನ ತ್ರಿಭುಜದ ಬಾಹುಗಳು. 90,000 ಮತ್ತು 1,60,000 ಕೂಡಿದರೆ 2,50,000. ಅದರ ವರ್ಗಮೂಲ 500. ಹುಡುಗಿ 500 ಮೀಟರ್ ದೂರದಲ್ಲಿ, ಆಗ್ನೇಯಕ್ಕೆ ಇದ್ದಾಳೆ. ಅವಳು ನಡೆದದ್ದು 1,300 ಮೀಟರ್ ನಿಜ, ಆದರೆ ಪ್ರಶ್ನೆ ಅದಲ್ಲ.

ದಿಕ್ಕುಗಳ ಹೆಸರನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ನಿಮ್ಮ ಮನೆಯಿದ್ದರೆ, 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾದ ಕೆರೆ ಮನೆಯಿಂದ ಯಾವ ದಿಕ್ಕಿಗಿದೆ ಎಂದು ಕೇಳಿ. ಹಕ್ಕಿ ನೋಡುತ್ತಾ ಕಲಿತದ್ದು ಮರೆಯುವುದಿಲ್ಲ. ಮಗ್ರಿಬ್ ಎಂದರೆ ಸೂರ್ಯ ಮುಳುಗುವ ಕಡೆ, ಅಂದರೆ ಪಶ್ಚಿಮ ಎಂಬುದೂ ಮಗುವಿಗೆ ಮನೆಯಲ್ಲೇ ಸಿಗುವ ಪಾಠ.

ಆದರೆ ಕಿಬ್ಲಾ ನೇರ ಪಶ್ಚಿಮವಲ್ಲ. ಬೆಂಗಳೂರಿನಿಂದ ಮಕ್ಕಾ ಸುಮಾರು 4,100 ಕಿಲೋಮೀಟರ್ ದೂರ. ದಿಕ್ಕು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ವಾಲುತ್ತದೆ. ಭೂಮಿ ಗುಂಡಗಿರುವುದರಿಂದ ಅಷ್ಟು ದೂರಕ್ಕೆ ಹಾಳೆಯ ಮೇಲಿನ ತ್ರಿಭುಜ ಸಾಲದು. 11ನೇ ಶತಮಾನದಲ್ಲಿ ಅಲ್ ಬಿರೂನಿ ಘಜ್ನಿಯ ಕಿಬ್ಲಾ ಕಂಡುಹಿಡಿಯಲು ಒಂದು ಗ್ರಂಥವನ್ನೇ ಬರೆದರು. ಇವತ್ತು ಜಾನಮಾಝ್‌ನ ಪಕ್ಕ ಒಂದು ದಿಕ್ಸೂಚಿ ಇಟ್ಟು, ಆ 18 ಡಿಗ್ರಿಯನ್ನು ಕೋನಮಾಪಕದಿಂದ ಅಳೆಯುವ ಕೆಲಸ ಮಗಳಿಗೇ ಬಿಡಿ.