ಎರಡು ಬಕೆಟ್ಟಿನ ನಡುವೆ ತಾತನ ಪರೀಕ್ಷೆ

ಮೊಮ್ಮಗಳಿಗೆ 18 ತುಂಬಿತು, ಎಲ್‌ಎಲ್ಲೂ ಬಂತು. ಉರಿಗಾಂನ ನಮ್ಮ ಮನೆ ಹತ್ತಿರದ ಬಯಲಲ್ಲಿ ಎರಡು ಬಕೆಟ್ ಇಟ್ಟು, ನಡುವೆ ಕಾರನ್ನು ರಿವರ್ಸ್‌ನಲ್ಲಿ ತಂದು ನಿಲ್ಲಿಸುವ ಪ್ಯಾರಲಲ್ ಪಾರ್ಕಿಂಗ್ ಕಲಿಸಲು ಹೊರಟೆ.

“ಇದಕ್ಕೆ ಮಾರ್ಕ್ಸ್ ಹೇಗೆ ಕೊಡ್ತಾರೆ ತಾತ?”

ಮಕ್ಕಳೇ, ಬ್ಯಾಂಕಿನ ಲೆಕ್ಕದಂತೆ ಇಲ್ಲೂ ಹುಡುಕುವುದು ತಪ್ಪನ್ನೇ. ಬೆಂಗಳೂರಿನ ಜ್ಞಾನಭಾರತಿಯ ಟ್ರ್ಯಾಕಿನಲ್ಲಿ ಸೆನ್ಸರುಗಳು ಹಿಡಿಯುತ್ತವೆ. ಬ್ರಿಟನ್ನಿನಲ್ಲಿ ಪರೀಕ್ಷಕರು ಪಕ್ಕದಲ್ಲೇ ಕೂತು ಗುರುತು ಹಾಕುತ್ತಾರೆ. ಇಡೀ ಪರೀಕ್ಷೆಯಲ್ಲಿ ಸಣ್ಣ ತಪ್ಪು 15ರವರೆಗೆ ಮಾಫಿ. ಗಂಭೀರ ತಪ್ಪು ಒಂದಾದರೂ ಫೇಲು. ಕಾರು ಸೊಟ್ಟಗಾದರೆ ಮುಂದೆ ತೆಗೆದು ಸರಿಪಡಿಸಬಹುದು. ಸುತ್ತ ನೋಡದೆ ಹಿಂದೆ ಬಿಟ್ಟರೆ ಅದೇ ಗಂಭೀರವಾಗಬಹುದು. ನಮ್ಮ ಕಾನೂನಿನಲ್ಲಿ ಫೇಲಾದವರು 7 ದಿನ ಬಿಟ್ಟು ಮತ್ತೆ ಬರಬಹುದು. 3 ಸಲ ಫೇಲಾದರೆ 60 ದಿನ ಕಾಯಬೇಕು.

“ನೀವೇ ಮಾಡಿ ತೋರಿಸಿ” ಎಂದಳು. ಬಕೆಟ್ ಉರುಳಿತು. ಮತ್ತೊಮ್ಮೆ ಮಾಡಿದೆ, ಮತ್ತೂ ಉರುಳಿತು. ಕನ್ನಡಿ ನೋಡಿದ್ದೆ, ಕತ್ತು ಮಾತ್ರ ತಿರುಗಲಿಲ್ಲ.

“ಅಲ್ಲಿ ಮಗು ಇದ್ದಿದ್ದರೆ, ತಾತ?” ಮೆಲ್ಲಗೆ ಕೇಳಿದಳು.

ಲೈಸೆನ್ಸಿನ ಅವಧಿ ಇನ್ನೂ ಇತ್ತು. ಆದರೂ ಆ ಸಂಜೆ ಕೀಲಿಯನ್ನು ಮಗನ ಕೈಗಿಟ್ಟೆ. ಈಗ ಬಂಗಾರಪೇಟೆಗೆ ರೈಲಿನಲ್ಲೇ ಹೋಗುತ್ತೇನೆ. ಮೊಮ್ಮಗಳು ಪಾಸಾದ ಮೇಲೆ ಅವಳ ಪಕ್ಕದ ಸೀಟು ನನ್ನದು.