ಪ್ರಶ್ನಾವಳಿಯೂ ದಿನಚರಿಯೂ

ಸಮಾಜಶಾಸ್ತ್ರದ ಕಿರು ಅಧ್ಯಯನವೊಂದಕ್ಕಾಗಿ ಈ ವರ್ಷ ನಾನೊಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ, ನಮ್ಮ ವಿದ್ಯಾರ್ಥಿನಿಲಯದಲ್ಲಿ 40 ಪ್ರತಿಗಳನ್ನು ಹಂಚಿದೆನು. ವಾರ ಕಳೆದ ಮೇಲೆ ನನ್ನ ಕೈಗೆ ಮರಳಿ ಬಂದವು 17. ಅವುಗಳಲ್ಲಿ ಎರಡರ ಬೆನ್ನಿಗೆ ಯಾರೋ ಊಟದ ಲೆಕ್ಕ ಬರೆದುಕೊಂಡಿದ್ದರು. ಈ ಸೋಲೇ ನನ್ನ ಲೇಖನಕ್ಕೆ ಕಾರಣವಾದುದರಿಂದ ಅದನ್ನು ಮುಚ್ಚಿಡದೆ ಮೊದಲೇ ಹೇಳಿಬಿಟ್ಟಿದ್ದೇನೆ.

ಪ್ರಶ್ನಾವಳಿ ಬೇರೆ, ಅನುಸೂಚಿ ಬೇರೆ. ಪರೀಕ್ಷೆಯ ಹಿಂದಿನ ರಾತ್ರಿಯವರೆಗೆ ನಾನೂ ಇವೆರಡನ್ನು ಒಂದೇ ಎಂದು ತಿಳಿದಿದ್ದೆ. ಅನುಸೂಚಿಯನ್ನು ಹಿಡಿದು ಗಣತಿದಾರನು ಮನೆಬಾಗಿಲಿಗೆ ಬರುತ್ತಾನೆ; ಅವನೇ ಕೇಳಿ ಅವನೇ ಬರೆದುಕೊಳ್ಳುತ್ತಾನೆ. ಪ್ರಶ್ನಾವಳಿಯನ್ನಾದರೋ ಉತ್ತರ ಹೇಳುವವನೇ ಓದಿ, ತಿಳಿದು, ತನ್ನ ಕೈಯಾರೆ ತುಂಬಬೇಕು. ಇದರಲ್ಲಿ ಲಾಭವುಂಟು. ಖರ್ಚು ಕಡಿಮೆ; ದೂರದ ಊರಿಗೂ ಅಂಚೆಯಲ್ಲಿ ಕಳುಹಿಸಬಹುದು. ಮೇಲಾಗಿ ಸಾಲ, ಕುಡಿತ ಮುಂತಾದ, ಎದುರಿಗೆ ಕುಳಿತವನಿಗೆ ಹೇಳಲು ನಾಲಗೆ ಏಳದ ಸಂಗತಿಗಳನ್ನು ಹಾಳೆಗೆ ಹೇಳಬಹುದು. ಆದರೆ ಪ್ರಶ್ನೆ ಅರ್ಥವಾಗದಿದ್ದರೆ ಬಿಡಿಸಿ ಹೇಳುವವರು ಯಾರೂ ಪಕ್ಕದಲ್ಲಿರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಹಾಳೆಗಳು ಹಿಂದಕ್ಕೆ ಬಾರದಿರುವುದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಅಧ್ಯಕ್ಷ ಚುನಾವಣೆಯ ಫಲವನ್ನು ಮುಂಚಿತವಾಗಿ ತಿಳಿಯಲೆಂದು ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರಗಳನ್ನು ಕಳುಹಿಸಿತು. ಸುಮಾರು 23 ಲಕ್ಷ ಉತ್ತರಗಳು ಬಂದವು. ಅವನ್ನೆಲ್ಲ ಎಣಿಸಿ ಲಾಂಡನ್ ಎಂಬುವರು ಗೆಲ್ಲುವರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ! ವಿಳಾಸಗಳನ್ನು ಬಹುಮಟ್ಟಿಗೆ ದೂರವಾಣಿ ಮತ್ತು ಮೋಟಾರು ಕಾರುಗಳ ಪಟ್ಟಿಗಳಿಂದ ಆರಿಸಿದ್ದರೆಂಬುದು ಒಂದು ದೋಷ. ಉತ್ತರ ಕಳುಹಿಸುವ ಗೋಜಿಗೆ ಹೋದವರೂ ಹೋಗದವರೂ ಒಂದೇ ಬಗೆಯ ಜನರಲ್ಲವೆಂಬುದು ಇನ್ನೊಂದು. 23 ಲಕ್ಷದ ಗತಿಯೇ ಹೀಗಾದರೆ ನನ್ನ 17ರ ಪಾಡೇನು?

ನನ್ನ ಪ್ರಶ್ನಾವಳಿಯಲ್ಲಿ ಇದಕ್ಕಿಂತ ಹತ್ತಿರದ ತಪ್ಪೊಂದಿತ್ತು. ‘ತಂದೆಯ ಉದ್ಯೋಗ’ ಎಂದು ಕೇಳಿ, ಕೃಷಿ, ವ್ಯಾಪಾರ, ನೌಕರಿ, ಇತರೆ ಎಂದು ನಾಲ್ಕು ಮನೆಗಳನ್ನು ಕೊಟ್ಟಿದ್ದೆ. ಮೇಲ್ಗಡೆ ಹೆಸರು ಬರೆಯಲು ಜಾಗವಿತ್ತು. ಪರೀಕ್ಷಾರ್ಥವಾಗಿ ಮೊದಲ ಪ್ರತಿಯನ್ನು ನಾನೇ ತುಂಬಿದೆನು. ನಮ್ಮ ತಂದೆ ಇತರರ ಹೊಲದಲ್ಲಿ ಕೂಲಿ ಮಾಡುತ್ತಾರೆ. ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಗಾರೆ ಕೆಲಸದವರ ಜೊತೆ ಮಣ್ಣು ಹೊರುತ್ತಾರೆ. ನಾನು ಗುರುತು ಹಾಕಿದ್ದು ‘ಕೃಷಿ’ಗೆ. ಪ್ರಶ್ನೆ ಬರೆದವನೂ ನಾನೇ, ತಪ್ಪು ಉತ್ತರ ಕೊಟ್ಟವನೂ ನಾನೇ. ‘ಇತರೆ’ ಎಂಬ ಮನೆಗೆ ತಂದೆಯನ್ನು ತಳ್ಳಲು ಮನಸ್ಸು ಬರಲಿಲ್ಲವೆಂದು ಸಮಾಧಾನ ಹೇಳಿಕೊಂಡೆ. ನಿಜವಾಗಿ ಹಾಳೆಯ ಮೇಲಿದ್ದ ನನ್ನ ಹೆಸರೇ ನನ್ನ ಕೈ ಹಿಡಿದಿತ್ತು. ಬಂದ 17 ಹಾಳೆಗಳಲ್ಲಿ ‘ಕೃಷಿ’ ಎಷ್ಟೋ ಇದ್ದವು. ಅವುಗಳಲ್ಲಿ ನನ್ನಂತಹವು ಎಷ್ಟೆಂದು ಹೇಗೆ ತಿಳಿಯಬೇಕು?

ಇನ್ನು ದಿನಚರಿಯ ಮಾತು. ‘ಕಳೆದ ತಿಂಗಳು ಎಷ್ಟು ಹೊತ್ತು ಓದಿದಿರಿ?’ ಎಂದರೆ ನಾವೆಲ್ಲರೂ ಉದಾರಿಗಳಾಗುತ್ತೇವೆ. ಅಂದಂದಿನದನ್ನು ಅಂದಂದೇ ಬರೆಯುವವನಿಗೆ ಈ ಔದಾರ್ಯಕ್ಕೆ ಎಡೆ ಕಡಿಮೆ. ಇಂಗ್ಲೆಂಡಿನಲ್ಲಿ 1937ರಲ್ಲಿ ಟಾಮ್ ಹ್ಯಾರಿಸನ್, ಚಾರ್ಲ್ಸ್ ಮ್ಯಾಡ್ಜ್, ಹಂಫ್ರಿ ಜೆನ್ನಿಂಗ್ಸ್ ಎಂಬ ಮೂವರು ‘ಮಾಸ್ ಅಬ್ಸರ್ವೇಷನ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಪ್ರತಿ ತಿಂಗಳ 12ನೆಯ ತಾರೀಖು ತಾವು ಮಾಡಿದ್ದನ್ನೆಲ್ಲ ಬರೆದು ಕಳುಹಿಸಿರೆಂದು ಸಾಮಾನ್ಯ ಜನರನ್ನು ಕೇಳಿಕೊಂಡರು. 1939ರಲ್ಲಿ ಯುದ್ಧ ಹತ್ತಿದಾಗ ಪೂರ್ಣ ದಿನಚರಿಗಳನ್ನೇ ಬೇಡಿದರು. ಹಾಗೆ ಬರೆದವರಲ್ಲಿ ಬ್ಯಾರೋ ಪಟ್ಟಣದ ನೆಲ್ಲಾ ಲಾಸ್ಟ್ ಎಂಬ 49ರ ವಯಸ್ಸಿನ ಗೃಹಿಣಿಯೂ ಒಬ್ಬಳು. ಯುದ್ಧ ಮುಗಿದ ಮೇಲೂ ಆಕೆ ಬರೆಯುವುದನ್ನು ಬಿಡಲಿಲ್ಲ. ಆ ಕಾಗದಗಳು ಇಂದು ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿವೆ. ಅಡಿಗೆಮನೆಯಿಂದ ಯುದ್ಧ ಹೇಗೆ ಕಂಡಿತೆಂಬುದನ್ನು ಯಾವ ಪ್ರಶ್ನಾವಳಿ ಕೇಳೀತು?

ಆದರೆ ದಿನಚರಿ ಬರೆಯಲು ಬಿಡುವು ಬೇಕು, ಅಕ್ಷರವೂ ಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇಕಡ 75.36, ಎಂದರೆ ನಾಲ್ವರಲ್ಲಿ ಒಬ್ಬರು ಈ ಎರಡು ವಿಧಾನಗಳಿಗೂ ಹೊರಗೆ. ಆದುದರಿಂದಲೇ ನಮ್ಮ ದೇಶದಲ್ಲಿ 2019ರ ಕಾಲವಿನಿಯೋಗ ಸಮೀಕ್ಷೆ ನಡೆದಾಗ ಪುಸ್ತಕ ಹಂಚಲಿಲ್ಲ. ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ 24 ಗಂಟೆಗಳ ಕಾಲವನ್ನು ಅರ್ಧರ್ಧ ಗಂಟೆಯಾಗಿ ಸೀಳಿ, ಮನೆಗೆ ಹೋಗಿ ಕೇಳಿ ಬರೆದುಕೊಂಡರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97 ನಿಮಿಷ ಹಿಡಿಯುತ್ತದೆಂದು ಅದರಿಂದ ತಿಳಿದುಬಂತು.

ದೀಪಾವಳಿಯ ರಜೆಯಲ್ಲಿ ನಾನು ಇದನ್ನು ನಮ್ಮ ತಾಯಿಯ ಮೇಲೆ ಪ್ರಯೋಗಿಸಿದೆ. ಆಕೆಗೆ ಓದುಬರಹವಿಲ್ಲ. ‘ನೆನ್ನೆ ಏನೇನು ಕೆಲಸ ಮಾಡಿದೆ ಅವ್ವಾ?’ ಎಂದರೆ, ‘ಮನೇಲೇ ಇದ್ನಲ್ಲ ಮಗಾ, ಏನ್ ಕೆಲ್ಸ?’ ಎಂದಳು. ಪ್ರಶ್ನಾವಳಿಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮರುದಿನ ಜಗಲಿಯ ಮೇಲೆ ಕುಳಿತು ಅರ್ಧ ಗಂಟೆಗೊಮ್ಮೆ ಬರೆಯುತ್ತ ಹೋದೆ. ಕೊಟ್ಟಿಗೆ, ನೀರು, ಒಲೆ, ಎರಡು ಮನೆ ಆಚೆಯ ಬಾಣಂತಿಗೆ ಎಣ್ಣೆನೀರು, ಮತ್ತೆ ಒಲೆ. ರಾತ್ರಿ ಪಟ್ಟಿ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, ‘ಮದ್ಯಾನ್ನ ಎಲಡಿಕೆ ಹಾಕ್ಕೊಂಡು ಕೂತಿದ್ದುನ್ನೂ ಬರ್ದ್‌ಬಿಟ್ಯಾ?’ ಎಂದು ನಾಚಿಕೊಂಡಳು. ಮಾರನೆಯ ದಿನ ಅವಳು ಮಧ್ಯಾಹ್ನ ಕೂರಲೇ ಇಲ್ಲ. ನೋಡುವ ಕಣ್ಣಿದ್ದರೆ ನಡೆ ಬದಲಾಗುತ್ತದೆಂದು ತರಗತಿಯಲ್ಲಿ ಬರೆದುಕೊಂಡಿದ್ದ ವಾಕ್ಯ ಆಗ ನೆನಪಾಯಿತು; ನಾನು ಪುಸ್ತಕ ಮಡಿಸಿಟ್ಟೆ.

ಈಗ ಪ್ರಶ್ನಾವಳಿಯನ್ನು ತಿದ್ದಿದ್ದೇನೆ. ಹೆಸರಿನ ಜಾಗ ತೆಗೆದುಹಾಕಿದೆ. ಉದ್ಯೋಗದ ನಾಲ್ಕು ಮನೆಗಳ ಬದಲು, ‘ಕಳೆದ ಏಳು ದಿನಗಳಲ್ಲಿ ನಿಮ್ಮ ತಂದೆತಾಯಿಯರು ಯಾವ ಯಾವ ಕೆಲಸ ಮಾಡಿದರು, ಯಾರ ಹೊಲದಲ್ಲಿ ಅಥವಾ ಯಾರ ಮನೆಯಲ್ಲಿ?’ ಎಂದು ಕೇಳಿ ನಾಲ್ಕು ಗೆರೆ ಬಿಟ್ಟಿದ್ದೇನೆ. ವಿದ್ಯಾರ್ಥಿನಿಲಯದ ಮಿತ್ರರಲ್ಲಿ ಯಾರ ಬಳಿಯಾದರೂ ಹಳೆಯ ಹಾಳೆ ಉಳಿದಿದ್ದರೆ ಊಟದ ಲೆಕ್ಕಕ್ಕೇ ಇಟ್ಟುಕೊಳ್ಳಬಹುದು. ಹೊಸ ಹಾಳೆಗಳೂ, ಅವನ್ನು ಹಾಕಲು ಬಾಯಿ ಮುಚ್ಚಿದ ಒಂದು ರಟ್ಟಿನ ಪೆಟ್ಟಿಗೆಯೂ ವಾಚನಾಲಯದ ಬಾಗಿಲ ಬಳಿ ಇವೆ. ನನ್ನದನ್ನು ಮೊದಲೇ ತುಂಬಿ ಹಾಕಿದ್ದೇನೆ.